ಪೆದ್ದನ ಕಣ್ಸನ್ನೆ

(ಮಾತಾಡುವವರು ಮೂವರು. ಮಾವ ಗುಬ್ಬಿಯವರು, ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು, ಈಗ ಮನೆ ತುಮಕೂರಿನಲ್ಲಿ. ಅತ್ತೆಯ ತವರು ಕುಣಿಗಲ್. ಸೊಸೆ ಎಂದರೆ ಮಾವನ ಅಕ್ಕನ ಮಗಳು, ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವಳು. ಭಾನುವಾರ ಊಟವಾದ ಮೇಲೆ ‘ದಿ ಆಫೀಸ್’ ಎಂಬ ಬ್ರಿಟಿಷ್ ಧಾರಾವಾಹಿಯ ಎರಡು ಕಂತುಗಳನ್ನು ಹಾಕಿ ತೋರಿಸಿದ್ದಾಳೆ. ಟೀವಿ ಈಗಷ್ಟೇ ಆರಿದೆ.)

ಮಾವ: ಇದರಲ್ಲಿ ನಗೋದೆಲ್ಲಿ?

ಸೊಸೆ: ಒಂದು ಕಡೆ ನಕ್ಕಿರಿ ಮಾವ. ನಾನು ನೋಡ್ದೆ.

ಮಾವ: ಅದು ಕೆಮ್ಮು ಕಣಮ್ಮ.

ಅತ್ತೆ: ಆ ಮ್ಯಾನೇಜರು ಎಲ್ಲರ ಮುಂದೆ ಕುಣಿಯೋಕೆ ನಿಂತನಲ್ಲ, ಆಗ ನಾನು ಎದ್ದು ಅಡುಗೆಮನೆಗೆ ಹೋದೆ. ಒಲೆ ಮೇಲೆ ಏನೂ ಇರಲಿಲ್ಲ. ಸುಮ್ಮನೆ ನಿಂತಿದ್ದು ಬಂದೆ.

ಸೊಸೆ: ಅದೇ ಅತ್ತೆ ಇದರ ಗಮ್ಮತ್ತು. ನೋಡೋಕಾಗಲ್ಲ, ಬಿಡೋಕಾಗಲ್ಲ. 2001ರಲ್ಲಿ ಬಿಬಿಸಿಯಲ್ಲಿ ಬಂದಿದ್ದು. ರಿಕಿ ಜರ್ವೇಯ್ಸ್, ಸ್ಟೀಫನ್ ಮರ್ಚೆಂಟ್ ಅಂತ ಇಬ್ಬರು ಸೇರಿ ಬರೆದು, ತಾವೇ ನಿರ್ದೇಶನ ಮಾಡಿದ್ರು. ಆ ಮ್ಯಾನೇಜರ್ ಡೇವಿಡ್ ಬ್ರೆಂಟ್ ಇದಾನಲ್ಲ, ಅದು ಜರ್ವೇಯ್ಸೇ. ಕಥೆ ನಡೆಯೋದು ಸ್ಲೌ ಅನ್ನೋ ಊರಲ್ಲಿ. ಲಂಡನ್ನಿಗೆ ಸ್ಲೌ ಅಂದರೆ ಬೆಂಗಳೂರಿಗೆ ತುಮಕೂರು ಇದ್ದ ಹಾಗೆ. ನಮ್ಮ ಅಂತರಸನಹಳ್ಳಿ, ವಸಂತನರಸಾಪುರದ ಥರ ಅಲ್ಲೂ ದೊಡ್ಡ ಕೈಗಾರಿಕಾ ಪ್ರದೇಶ. ಅಲ್ಲೊಂದು ಕಾಗದ ಮಾರೋ ಕಂಪನಿ. ಟೀವಿಯವರು ಬಂದು ಈ ಆಫೀಸಿನ ಮೇಲೆ ಡಾಕ್ಯುಮೆಂಟರಿ ತೆಗೀತಿದಾರೆ ಅನ್ನೋ ನೆಪ. ಹಾಗಾಗಿ ಹಿಂದುಗಡೆ ನಗೋ ಜನರ ಸದ್ದಿಲ್ಲ, ಸಂಗೀತ ಇಲ್ಲ.

ಮಾವ: ಅದೇ ನನ್ನ ತಕರಾರು. ಎಲ್ಲಿ ನಗಬೇಕು ಅಂತ ಹೇಳೋರೇ ಇಲ್ಲ. ಅವನು ಪೆದ್ದ ಅಂತ ಸುತ್ತ ಇರೋ ಎಲ್ಲರಿಗೂ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇರೋನನ್ನ ಹಾಗೆ ನೋಡ್ತಾ ಕೂರೋದು ಸರಿಯಾ? ಬಾಗಿಲು ಹಾಕದೆ ಸ್ನಾನ ಮಾಡ್ತಿರೋನನ್ನ ನೋಡಿಬಿಟ್ಟ ಹಾಗಾಗುತ್ತೆ ನನಗೆ.

ಸೊಸೆ: ನೀವು ಎಂಥ ಹಾಸ್ಯ ನೋಡಿ ಬೆಳೆದಿದ್ದೀರಿ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಮಾವ: ಗೊತ್ತಾಗಲಿ, ಮುಚ್ಚುಮರೆ ಏನು? ನಾನು ಗುಬ್ಬಿಯೋನು. ನಮ್ಮೂರಲ್ಲಿ 1884ರಲ್ಲೇ ನಾಟಕ ಕಂಪನಿ ಕಟ್ಟಿದ್ರು, ಚನ್ನಬಸವೇಶ್ವರನ ಹೆಸರಲ್ಲಿ. ವೀರಣ್ಣನವರು ಹುಟ್ಟಿದ್ದು ಅದಾದ ಏಳು ವರ್ಷಕ್ಕೆ. ಹುಡುಗನಾಗಿ ಸೇರಿದೋರು ಆಮೇಲೆ ಇಡೀ ಕಂಪನಿಗೆ ಯಜಮಾನರಾದ್ರು. ಯಜಮಾನ ಅಂದಮೇಲೆ ರಾಜನ ಪಾರ್ಟು ಹಾಕ್ಕೋಬಹುದಿತ್ತು, ಕೇಳೋರ್ಯಾರು? ಅವರು ಹೆಸರು ಮಾಡಿದ್ದು ‘ಸದಾರಮೆ’ ನಾಟಕದ ಕಳ್ಳನ ಪಾರ್ಟಲ್ಲಿ. ಬಿರುದು ನಾಟಕರತ್ನ, ಪಾರ್ಟು ಕಳ್ಳಂದು! ಆ ನಾಟಕ ಬರೆದ ನರಹರಿಶಾಸ್ತ್ರಿಗಳೂ ನಮ್ಮ ಬೆಳ್ಳಾವೆಯೋರೇ.

ಅತ್ತೆ: ಶುರುವಾಯ್ತು ಗುಬ್ಬಿ ಪುರಾಣ.

ಮಾವ: ಸ್ವಲ್ಪ ಇರೇ. ನಮ್ಮ ತಂದೆ ಆ ಕಳ್ಳನ್ನ ಕಣ್ಣಾರೆ ನೋಡಿದ್ರು. ಅವರು ಹೇಳ್ತಿದ್ದಿದ್ದು ಏನು ಗೊತ್ತಾ? ಕಳ್ಳ ರಂಗದ ಮೇಲೆ ಯಾರನ್ನಾದರೂ ಏಮಾರಿಸೋಕೆ ಮುಂಚೆ ಜನರ ಕಡೆ ಒಂದು ನೋಟ ಬಿಡ್ತಿದ್ದನಂತೆ. ‘ನೋಡ್ತಾ ಇರಿ, ಇವಾಗ ಒಂದು ತಮಾಷೆ ಮಾಡ್ತೀನಿ’ ಅನ್ನೋ ಥರ. ಮುಂದೆ ಅವನೇ ಸದಾರಮೆ ಕೈಲಿ ಪೆಚ್ಚಾಗೋನು. ಪೆಚ್ಚಾದಾಗಲೂ ಅದೇ ನೋಟ. ಚಾಪೆ ಮೇಲೆ ಕೂತೋನಿಗೂ ಸೋಫಾ ಮೇಲೆ ಕೂತೋನಿಗೂ ಒಂದೇ ಕಣ್ಸನ್ನೆ. ಪೆದ್ದ ನಮ್ಮ ಕಡೆಯೋನು, ನಾವು ಅವನ ಕಡೆಯೋರು. ನರಸಿಂಹರಾಜು ಅವರನ್ನ ನೋಡು, ತಿಪಟೂರಿನೋರು. ಆ ಹಲ್ಲು, ಆ ಕಣ್ಣು ಹೊರಳಿಸೋದು, ಎಲ್ಲ ಕಂಪನಿ ನಾಟಕದಿಂದಲೇ ಬಂದಿದ್ದು. ‘ನಾನು ದಡ್ಡ ಕಣ್ರಪ್ಪ, ಆದರೆ ನನಗದು ಗೊತ್ತು’ ಅಂತ ಪ್ರತಿ ಸಲ ನಮಗೆ ಹೇಳೇ ಮುಂದಕ್ಕೆ ಹೋಗ್ತಿದ್ರು.

ಸೊಸೆ: ಇಲ್ಲೂ ಆ ನೋಟ ಇದೆ ಮಾವ. ಟಿಮ್ ಅಂತ ಒಬ್ಬ ಇದ್ದನಲ್ಲ, ಸೇಲ್ಸ್‌ನಲ್ಲಿ ಕೂರೋನು? ಬ್ರೆಂಟ್ ಏನಾದರೂ ಅಸಂಬದ್ಧ ಮಾತಾಡಿದ ತಕ್ಷಣ ಅವನು ಕ್ಯಾಮೆರಾ ಕಡೆ ಒಂದು ಕ್ಷಣ ನೋಡ್ತಾನೆ. ಬಾಯಿ ಬಿಡಲ್ಲ. ಮಾರ್ಟಿನ್ ಫ್ರೀಮನ್ ಅಂತ ನಟ, ಆಮೇಲೆ ‘ಹಾಬಿಟ್’ ಸಿನಿಮಾಗೆ ಹೀರೋ ಆದ. ನಿಮ್ಮ ಕಳ್ಳ ಹಾಕ್ತಿದ್ದ ಕಣ್ಸನ್ನೇನೇ ಅವನು ಹಾಕೋದು.

ಮಾವ: ನೋಡ್ದೆ, ನೋಡ್ದೆ. ಆದರೆ ಸನ್ನೆ ಮಾಡಿದೋನು ಯಾರು? ಬುದ್ಧಿವಂತ. ಪೆದ್ದನ ಬೆನ್ನ ಹಿಂದೆ ಇಬ್ಬರು ಬುದ್ಧಿವಂತರು ಸನ್ನೆ ಮಾಡ್ಕೊಂಡ್ರೆ ಅದಕ್ಕೆ ನಮ್ಮೂರಲ್ಲಿ ಆಡ್ಕೊಳ್ಳೋದು ಅಂತಾರೆ.

ಸೊಸೆ: ಬ್ರೆಂಟೂ ಕ್ಯಾಮೆರಾ ನೋಡ್ತಾನೆ. ನಿಜ ಹೇಳಬೇಕಂದ್ರೆ ಟಿಮ್‌ಗಿಂತ ಜಾಸ್ತಿ ಅವನೇ ನೋಡೋದು. ಒಂದು ಜೋಕು ಹೊಡೆದು, ಯಾರೂ ನಗದೆ ಇದ್ದಾಗ, ಹೊರಗಿರೋರಾದ್ರೂ ನಗ್ತಿರಬಹುದು ಅಂತ ಈ ಕಡೆ ತಿರುಗ್ತಾನೆ. ಈ ಧಾರಾವಾಹಿಯ ಇಡೀ ಜೀವ ಇರೋದು ಅಲ್ಲಿ. ನಿಮ್ಮ ಕಳ್ಳ ಜನರನ್ನ ನೋಡಿದಾಗ ಜನ ಅವನಿಗೆ ಸಿಕ್ತಿದ್ರು. ಬ್ರೆಂಟ್ ನೋಡಿದಾಗ ಯಾರೂ ಸಿಗಲ್ಲ.

ಮಾವ: (ಸ್ವಲ್ಪ ಹೊತ್ತು ಬಿಟ್ಟು) ಅದು ಸರಿಯಾಗಿ ಹೇಳಿದೆ. ಹಾಗಂತ ನಗು ಬರಲ್ಲ.

ಅತ್ತೆ: ಬರೋದು ಬೇಡ ಬಿಡಿ. ಇವಳು ಎರಡನೇದಾಗಿ ಹಾಕಿದ ಕಂತಲ್ಲಿ ಏನಾಯ್ತು ನೋಡಿದ್ರಲ್ಲ. ಯಾವುದೋ ಚಂದಾ ಎತ್ತೋ ದಿನ ಅಂತ ಅವನು ಉಷ್ಟ್ರಪಕ್ಷಿ ವೇಷ ಹಾಕ್ಕೊಂಡು ಕೂತಿದಾನೆ. ಮೇಲಿನೋರು ಬಂದು, ನಿನ್ನ ಕೆಲಸ ಹೋಯ್ತು ಅಂತಾರೆ. ಹಕ್ಕಿ ಬಟ್ಟೇಲಿ ಕೂತು ಅದನ್ನ ಕೇಳಿಸ್ಕೊಳ್ಳಬೇಕಾ ಒಬ್ಬ ಗಂಡಸು? ಈ ಊರಲ್ಲಿ ವಾಚ್ ಫ್ಯಾಕ್ಟರಿ ಇತ್ತು ಕಣೇ. ನಮ್ಮ ಮದುವೆ ಕಾಲಕ್ಕೆ ಎಚ್‌ಎಂಟಿಯಲ್ಲಿ ಕೆಲಸ ಅಂದ್ರೆ ಹೆಣ್ಣು ಕೊಡೋರು ಕ್ಯೂ ನಿಲ್ಲೋರು. 2016ರಲ್ಲಿ ದೆಹಲಿಯೋರು ಮುಚ್ಚೋಕೆ ತೀರ್ಮಾನ ಮಾಡಿದ್ರು, ಆಮೇಲೆ ಜಾಗ ಇಸ್ರೋದೋರಿಗೆ ಹೋಯ್ತು. ಕೆಲಸ ಬಿಟ್ಟು ಬಂದ ಗಂಡಸರು ಬೆಳಗ್ಗೆ ಎಂಟಕ್ಕೆ ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕ್ಕೊಂಡು, ಎಲ್ಲಿಗೂ ಹೋಗೋಕಿಲ್ಲದೆ ಅಮಾನಿಕೆರೆ ಏರಿ ಮೇಲೆ ನಡೆಯೋದನ್ನ ನೋಡಿದೋಳು ನಾನು. ಅದು ನಗೋ ವಿಷಯಾನಾ?

ಸೊಸೆ: ಅಲ್ಲ ಅತ್ತೆ. ಅವರೂ ಅದನ್ನ ನಗೋ ವಿಷಯ ಮಾಡಿಲ್ಲ. ಹನ್ನೊಂದು ಕಂತು ಅವನ ಮೇಲೆ ನಗಿಸಿ, ‘ಈಗ ನಗಿ ನೋಡೋಣ’ ಅಂತ ಕೊರಳಪಟ್ಟಿ ಹಿಡೀತಾರೆ. ನಕ್ಕಿದ್ದಕ್ಕೆ ನಮಗೇ ನಾಚಿಕೆ ಆಗಲಿ ಅಂತ.

ಅತ್ತೆ: ಭಾನುವಾರ ಊಟ ಮಾಡಿ ಕೂತೋರಿಗೆ ನಾಚಿಕೆ ಯಾಕೆ ಮಾಡಿಸಬೇಕು?

ಮಾವ: ಅದಕ್ಕೇ ನಾನು ಹೇಳೋದು, ‘ಯೆಸ್ ಮಿನಿಸ್ಟರ್’ ತೋರಿಸಿದ್ಯಲ್ಲ, ಅದು ಹಾಸ್ಯ. 1980ರದ್ದು ಅಂದ್ಯಾ? ಇವತ್ತಿಗೂ ಒಂದು ಅಕ್ಷರ ಬದಲಾಯಿಸಬೇಕಿಲ್ಲ. ಆ ಸರ್ ಹಂಫ್ರಿ ನಮ್ಮ ಡಿಸಿ ಆಫೀಸಲ್ಲಿ ಕೂತಿರಬೇಕಾದ ಮನುಷ್ಯ. ಮಂತ್ರಿಗೆ ಆಗಲ್ಲ ಅಂತ ಒಂದು ಸಲಾನಾದ್ರೂ ಹೇಳ್ತಾನಾ? ಇಲ್ಲ. ‘ಪರಿಶೀಲಿಸಿ ಮಂಡಿಸಲಾಗುವುದು’ ಅಂತ ಬರೆದು ಮೂರು ವರ್ಷ ಕಡತ ಕಟ್ಟಿ ಇಡೋರನ್ನ ನಾನೂ ನೋಡಿದೀನಿ. ಹಿಂದಿಯೋರು ಇದನ್ನ ಫಾರೂಕ್ ಶೇಖ್ ಇಟ್ಕೊಂಡು ‘ಜಿ ಮಂತ್ರೀಜಿ’ ಅಂತ ಮಾಡಿದ್ರು. ಕನ್ನಡದೋರು ಯಾಕೆ ಮಾಡಲಿಲ್ವೋ.

ಸೊಸೆ: ಹಂಫ್ರಿ ಗೆಲ್ಲೋನು, ನಿಮಗೆ ಗೆಲ್ಲೋ ಜಾಣ ಬೇಕು. ಹೋಗಲಿ, ನಿಮ್ಮ ಆಫೀಸಲ್ಲಿ ಒಬ್ಬ ಬ್ರೆಂಟೂ ಇರಲಿಲ್ವಾ? ನಿಜ ಹೇಳಿ.

ಮಾವ: ...ಇದ್ರು. ಒಬ್ಬ ತಹಶೀಲ್ದಾರ್ರು. ಯಾವ ತಾಲ್ಲೂಕು ಅಂತ ಹೇಳಲ್ಲ. ಅವರಿಗೆ ಹಾಡೋ ಹುಚ್ಚು. ರಾಜ್ಯೋತ್ಸವ ಆಗಲಿ, ಯಾರದಾದರೂ ಬೀಳ್ಕೊಡುಗೆ ಆಗಲಿ, ಮೈಕು ಕೈಗೆ ಬಂದರೆ ಮುಗೀತು. ಶ್ರುತಿ ಒಂದು ಕಡೆ, ಅವರು ಒಂದು ಕಡೆ. ಕಣ್ಣು ಮುಚ್ಚಿ, ಒಂದು ಕೈ ಮೇಲಕ್ಕೆತ್ತಿ ಹಾಡ್ತಿದ್ರು. ಗ್ರಾಮಲೆಕ್ಕಿಗರಿಂದ ಹಿಡಿದು ಜವಾನನವರೆಗೆ ಎಲ್ಲರೂ ನೆಲ ನೋಡ್ತಾ ಕೂತಿರೋರು. ಮುಗಿದಾಗ ಚಪ್ಪಾಳೆ. ಒಂದು ಸಲ ಹಿಂದಿನ ಸಾಲಿಂದ ಯಾರೋ ‘ಒನ್ಸ್ ಮೋರ್’ ಅಂತ ಕೂಗಿಬಿಟ್ಟ. ಅವರಿಗೆ ಆನಂದ! ಪಲ್ಲವಿಯಿಂದ ಮತ್ತೆ ಶುರು ಮಾಡಿದ್ರು.

ಅತ್ತೆ: ಕೂಗಿದ್ದು ಯಾರು ಅಂತ ಹೇಳಿ.

ಮಾವ: ಅದೆಲ್ಲ ಈಗ ಯಾಕೆ.

ಸೊಸೆ: (ನಗು ತಡೆಯಲಾಗದೆ) ಮಾವ, ನೀವೇ ಒಂದು ಕಂತು ಬರೆದುಬಿಟ್ಟಿರಿ! ಇದು ನಿಮಗೆ ಹಾಸ್ಯ ಆದರೆ ಬ್ರೆಂಟ್ ಯಾಕೆ ಆಗಲ್ಲ?

ಅತ್ತೆ: ನಾನು ಹೇಳ್ತೀನಿ. ಅವರು ಅಲ್ಲಿ ನಗಲಿಲ್ಲ. ಸಂಜೆ ಮನೆಗೆ ಬಂದು, ಕಾಲು ತೊಳೆದು, ಕಾಫಿ ಕುಡೀತಾ ನನಗೆ ಹಾಡಿ ತೋರಿಸಿ ಆಗ ನಕ್ಕಿದ್ದು. ಅಲ್ಲಿ ನಕ್ಕಿದ್ರೆ ಆ ಮನುಷ್ಯನ ಮರ್ಯಾದೆ ಹೋಗೋದು, ಇವರ ಕೆಲಸಾನೂ ಹೋಗೋದು. ಎದುರಿಗೆ ಚಪ್ಪಾಳೆ, ಮನೇಲಿ ನಗು. ನಮ್ಮ ಕಡೆ ಲೋಕ ನಡೆಯೋದು ಹಾಗೇನೇ. ಈ ಧಾರಾವಾಹಿಯೋರು ನನ್ನನ್ನ ಕರ್ಕೊಂಡು ಹೋಗಿ ಆ ತಹಶೀಲ್ದಾರ್ರ ಎದುರಿಗೇ ಕೂರಿಸ್ತಾರೆ. ಚಪ್ಪಾಳೆ ಹೊಡೆಯೋಕೆ ಕೈ ಇಲ್ಲ, ನೆಲ ನೋಡೋಕೂ ಆಗಲ್ಲ.

ಸೊಸೆ: ಅತ್ತೆ, ಇಷ್ಟು ಚೆನ್ನಾಗಿ ವಿಮರ್ಶೆ ಮಾಡೋರಿಗೆ ‘ಪಾಪ ಪಾಂಡು’ ಹೇಗೆ ಇಷ್ಟ ಆಗುತ್ತೆ?

ಅತ್ತೆ: ಯಾಕೆ, ಏನಾಗಿದೆ ಅದಕ್ಕೆ? ಈಟೀವಿಯಲ್ಲಿ ಬರ್ತಿದ್ದಾಗ ಬೀದಿ ಬೀದೀಲಿ ಅದೇ ಸದ್ದು. ಚಿದಾನಂದ ಪಾಂಡು, ಶಾಲಿನಿ ಹೆಂಡತಿ. ಸಿಹಿಕಹಿ ಚಂದ್ರು ತೆಗೆದಿದ್ದು. ಪಾಂಡು ಸುಳ್ಳು ಹೇಳ್ತಾನೆ, ಸಿಕ್ಕಿಬೀಳ್ತಾನೆ, ಹೆಂಡತಿ ಕೈಲಿ ಒದೆ ತಿಂತಾನೆ, ಮಾರನೇ ದಿನ ಮತ್ತೆ ಹಾಜರ್. ಮೈಮೇಲೆ ಒಂದು ಗಾಯ ಇರಲ್ಲ.

ಸೊಸೆ: ಅದೇ ಹೇಳ್ತಿರೋದು. ಯಾರಿಗೂ ಏನೂ ಆಗಲ್ಲ. ಮಿಸ್ಟರ್ ಬೀನೂ ಹಾಗೇ. ಮಾತೇ ಇಲ್ಲ, ಹಾಗಾಗಿ ಗುಬ್ಬಿಯ ಮಕ್ಕಳಿಗೂ ಅರ್ಥ ಆಗುತ್ತೆ. ಅವನೂ ಹೋದಲ್ಲೆಲ್ಲ ಮುಜುಗರದ ಕೆಲಸಾನೇ ಮಾಡೋದು, ಆದರೆ ಅವನಿಗೆ ಮುಜುಗರವೇ ಆಗಲ್ಲ. ಬೊಂಬೆ ಥರ.

ಅತ್ತೆ: ನೀನು ಹೋದ ತಿಂಗಳು ತೋರಿಸಿದ ಹೆಂಗಸಿನದು ನನಗೆ ಹಿಡಿಸ್ತು. ಮನೆತನದ ಹೆಸರು ಬಕೆಟ್ ಅಂತಿದ್ರೆ ಬುಕೆ ಅಂತ ಕರೀರಿ ಅಂತ ಊರಿಗೆಲ್ಲ ಪಾಠ ಮಾಡ್ತಾಳಲ್ಲ, ಅವಳು.

ಸೊಸೆ: ಹಯಸಿಂತ್. ‘ಕೀಪಿಂಗ್ ಅಪ್ ಅಪಿಯರೆನ್ಸಸ್’, 1990ರಿಂದ 95ರವರೆಗೆ ಬಂತು. ಪೆಟ್ರೀಷಿಯಾ ರೂಟ್ಲೆಜ್ ಮಾಡಿದ್ದು.

ಅತ್ತೆ: ಥೇಟ್ ‘ಸಿಲ್ಲಿ ಲಲ್ಲಿ’ಯ ಸಮಾಜಸೇವಕಿ ಲಲಿತಾಂಬ! ಅದೇ ಠೀವಿ, ಅದೇ ಸುಳ್ಳು ದೊಡ್ಡಸ್ತಿಕೆ. ನಮ್ಮ ಕುಣಿಗಲ್‌ನಲ್ಲೂ ಒಬ್ಬ ಚಿಕ್ಕಮ್ಮ ಇದ್ದಳು. ಯಾರು ಮನೆಗೆ ಬಂದ್ರೂ ಸ್ಟಡ್ ಫಾರಂ ಕುದುರೆಗಳ ಸುದ್ದಿ ತೆಗೀತಿದ್ದಳು, ಎಲ್ಲವೂ ಇವಳ ಕೊಟ್ಟಿಗೇಲೇ ಕಟ್ಟಿವೆಯೇನೋ ಅನ್ನೋ ಹಾಗೆ. ಅವಳ ಗಂಡ ಸ್ಟಡ್ ಫಾರಂ ಗೇಟು ದಾಟಿ ಒಳಗೆ ಹೋಗಿದ್ದನೋ ಇಲ್ವೋ.

ಸೊಸೆ: ಹಾಗಾದ್ರೆ ಹಯಸಿಂತ್ ಕೂಡ ತಾನು ಹಾಸ್ಯಾಸ್ಪದ ಅಂತ ಗೊತ್ತಿಲ್ಲದೋಳೇ ಅಲ್ವಾ? ಅವಳೂ ಕಣ್ಸನ್ನೆ ಮಾಡಲ್ಲ. ಅವಳನ್ನ ನೋಡಿ ನೀವು ಹೊಟ್ಟೆ ಹಿಡ್ಕೊಂಡು ನಕ್ಕಿರಿ.

ಅತ್ತೆ: ಅವಳಿಗೆ ಗಂಡ ಇದಾನೆ. ಏನೇ ಮಾಡಲಿ, ಆ ಸಾಧು ಮನುಷ್ಯ ಕಾರು ತೆಗೆದು ಅವಳನ್ನ ಮನೆಗೆ ಕರ್ಕೊಂಡು ಹೋಗ್ತಾನೆ. ಪಾಂಡುಗೆ ಹೆಂಡತಿ ಇದಾಳೆ. ಒದೀತಾಳೆ, ಊಟಾನೂ ಹಾಕ್ತಾಳೆ. ಈ ಬ್ರೆಂಟ್‌ಗೆ ಮನೇಲಿ ಯಾರಿದಾರೆ?

ಸೊಸೆ: ಯಾರೂ ಇಲ್ಲ.

ಅತ್ತೆ: ನನಗೆ ಅಷ್ಟು ಗೊತ್ತಾದರೆ ಸಾಕು. ಸಂಜೆ ಜೊತೇಲಿ ಕೂತು ಉಣ್ಣೋರು ಇರೋ ಪೆದ್ದನನ್ನ ನೋಡಿ ನಾನು ಎಷ್ಟು ಬೇಕಾದ್ರೂ ನಗ್ತೀನಿ. ಒಂಟಿ ಪೆದ್ದನ ಮೇಲೆ ಆಗಲ್ಲ.

(ಇದಕ್ಕೆ ಸೊಸೆಯ ಬಳಿ ಉತ್ತರವಿರಲಿಲ್ಲ. ಮಾವ ಮಾತ್ರ ಗಂಟಲು ಸರಿಮಾಡಿಕೊಂಡರು, ಗುಬ್ಬಿಯವರಿಗೆ ಮೌನ ಆಗಿಬರುವುದಿಲ್ಲ.)

ಮಾವ: ನನಗೆ ಆ ಹೋಟ್ಲಿಂದು ಆಗಬಹುದು. ಉದ್ದ ಕಾಲಿನೋನು.

ಸೊಸೆ: ‘ಫಾಲ್ಟಿ ಟವರ್ಸ್’. ಜಾನ್ ಕ್ಲೀಸ್. ಆ ಪಾತ್ರದ ಹಿಂದೆ ನಿಜವಾದ ಒಬ್ಬ ಹೋಟೆಲ್ ಯಜಮಾನ ಇದ್ದ, ಗೊತ್ತಾ? 1970ರಲ್ಲಿ ಕ್ಲೀಸ್ ತಂಡ ಶೂಟಿಂಗಿಗೆ ಅಂತ ಟಾರ್ಕಿಯ ಒಂದು ಹೋಟೆಲಲ್ಲಿ ಇಳ್ಕೊಂಡಿತ್ತು. ತಂಡದಲ್ಲಿ ಒಬ್ಬ ಅಮೆರಿಕದೋನು. ಅವನು ಚಾಕು ಫೋರ್ಕು ಹಿಡಿಯೋ ರೀತಿ ಸರಿಯಿಲ್ಲ ಅಂತ ಯಜಮಾನ ಊಟದ ಟೇಬಲ್ಲಿಗೇ ಬಂದು ಗದರಿದ. ಇನ್ನೊಬ್ಬನ ಪೆಟ್ಟಿಗೇಲಿ ಬಾಂಬ್ ಇರಬಹುದು ಅಂತ ಎತ್ತಿ ಹೊರಗೆ ಇಟ್ಟುಬಿಟ್ಟ. ಒಳಗಿದ್ದಿದ್ದು ಅಲಾರಂ ಗಡಿಯಾರ. ಬೇರೆಯೋರು ಜಾಗ ಖಾಲಿ ಮಾಡಿದ್ರು. ಕ್ಲೀಸೂ ಅವನ ಹೆಂಡತಿ ಕಾನಿ ಬೂತೂ ಅಲ್ಲೇ ಉಳ್ಕೊಂಡ್ರು. ಇಬ್ಬರೂ ಸೇರಿ ಬರೆದಿದ್ದು ಹನ್ನೆರಡೇ ಕಂತು, ಆರು 1975ರಲ್ಲಿ, ಇನ್ನಾರು 1979ರಲ್ಲಿ. ಎರಡನೇ ಆರು ಬರೋ ಹೊತ್ತಿಗೆ ಗಂಡ ಹೆಂಡತಿಗೆ ಡೈವೋರ್ಸ್ ಆಗಿತ್ತು, ಆದ್ರೂ ಜೊತೇಲೇ ಬರೆದ್ರು.

ಮಾವ: ನಮ್ಮಲ್ಲಿ ಡೈವೋರ್ಸ್ ಆದ್ಮೇಲೆ ಕೂಡಿ ಬರೆಯೋದು ಅಫಿಡವಿಟ್ಟು ಒಂದೇ. ಹೋಗಲಿ, ಅದು ನನಗೆ ಯಾಕೆ ಆಗುತ್ತೆ ಗೊತ್ತಾ? ಆ ಯಜಮಾನ ದೊಡ್ಡೋರು ಬಂದರೆ ನೆಲಕ್ಕೆ ಬಗ್ತಾನೆ, ಪಾಪದ ಸಪ್ಲೈಯರ್ ತಲೆ ಮೇಲೆ ಮೊಟಕ್ತಾನೆ. ಅಂಥೋನ ಮುಖಕ್ಕೆ ಮಸಿ ಬಿದ್ದರೆ ನನಗೆ ಸಂತೋಷ. ಮಾಸ್ಟರ್ ಹಿರಣ್ಣಯ್ಯನವರದ್ದೂ ಅದೇ ಲೆಕ್ಕ. ‘ಲಂಚಾವತಾರ’ ಹತ್ತು ಸಾವಿರ ಪ್ರಯೋಗ ದಾಟ್ತಲ್ಲ, ಸುಮ್ಮನೆ ಅಲ್ಲ. ತಾವು ಆಡೋ ಮಾತು ಮುಂದಿನ ಸಾಲಲ್ಲಿ ಕೂತಿರೋ ಅಧಿಕಾರಿಗೇ ಅನ್ನೋ ಹಾಗೆ ಅವರ ಕಡೆ ತಿರುಗಿ ನಿಂತು ಬಿಡೋರು. ಪುಕ್ಕಟೆ ಪಾಸಿನ ಮೇಲೆ ಬಂದು ಸೋಫಾದಲ್ಲಿ ಕೂತ ಸಾಹೇಬರು ನಗಲೂ ಆಗದೆ ಏಳಲೂ ಆಗದೆ ಒದ್ದಾಡ್ತಿದ್ರೆ ಹಿಂದಿನ ಸಾವಿರ ಜನ ಬೆಂಚು ಕುಟ್ಟಿ ನಗೋರು. ನಾನೂ ಕುಟ್ಟಿದೀನಿ, ಆವಾಗ ನಾನಿನ್ನೂ ಗುಮಾಸ್ತ. ಮುಜುಗರ ಬೇಡ ಅಂತ ನಾನು ಯಾವತ್ತು ಹೇಳಿದೆ? ಆಗಬೇಕಾದೋರಿಗೆ ಆಗಲಿ ಅಂತೀನಿ.

ಸೊಸೆ: ಸಾವಿರ ಜನ ಅಂದಿರಲ್ಲ, ಅಲ್ಲೇ ಇದೆ. ಫಾಲ್ಟಿ ಟವರ್ಸ್‌ನೂ ಸ್ಟುಡಿಯೋದಲ್ಲಿ ಜನರನ್ನ ಕೂರಿಸಿಕೊಂಡೇ ತೆಗೆದಿದ್ದು. ಆ ನಗು ನಿಜವಾದ ಜನರದ್ದು. ನಾನು ‘ಆಫೀಸ್’ ನೋಡಿದ್ದು ರೈಲಲ್ಲಿ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು. ಹಿರೇಹಳ್ಳಿ ದಾಟೋಕೆ ಮುಂಚೆ ಒಂದು ಸಲ ಮೊಬೈಲ್ ಬೋರಲು ಹಾಕಿ ಮುಖ ಮುಚ್ಚಿಕೊಂಡೆ. ಎದುರು ಸೀಟಿನ ಅಜ್ಜಿ, ಯಾರಾದರೂ ಹೋಗಿಬಿಟ್ರಾ ಮಗ ಅಂತ ಕೇಳಿದ್ರು. ಒಬ್ಬಳೇ ಇದ್ದಾಗ ಅವನ ನಾಚಿಕೆಯೆಲ್ಲ ನನ್ನ ಮೇಲೇ ಬೀಳುತ್ತೆ, ಹಂಚಿಕೊಳ್ಳೋಕೆ ಪಕ್ಕದಲ್ಲಿ ಯಾರೂ ಇರಲ್ಲ. ನನ್ನ ವಯಸ್ಸಿನೋರಿಗೆ ಅದೇ ರುಚಿ ಅನ್ಸುತ್ತೆ. ಆಫೀಸಲ್ಲಿ ದಿನವೆಲ್ಲ ಜಾಣೆ ಥರ ಮುಖ ಹೊತ್ತುಕೊಂಡು ಕೂತಿರ್ತೀವಿ. ಯಾವನೋ ಒಬ್ಬ ಆ ಮುಖ ಜಾರಿಸಿಕೊಂಡ ಅಂದರೆ...

ಮಾವ: ಸಮಾಧಾನ ಆಗುತ್ತೆ.

ಸೊಸೆ: ಸಮಾಧಾನ ಅಲ್ಲ, ಭಯ. ನಾನೂ ಮೀಟಿಂಗಲ್ಲಿ ಹೀಗೇ ಕಾಣ್ತೀನೇನೋ ಅಂತ. ಅದಕ್ಕೇ ಕಣ್ಣು ತೆಗೆಯೋಕಾಗಲ್ಲ. ಸರಿ, ಒಂದು ಕೇಳ್ತೀನಿ, ತಪ್ಪಿಸ್ಕೊಬೇಡಿ. ‘ಎದ್ದೇಳು ಮಂಜುನಾಥ’ ನೀವು ಎಷ್ಟು ಸಲ ನೋಡಿದೀರಿ?

ಮಾವ: ಅದು ಬೇರೆ.

ಅತ್ತೆ: ಟೀವಿಲಿ ಬಂದಾಗೆಲ್ಲ ನೋಡ್ತಾರೆ. ಊಟದ ತಟ್ಟೆ ಹಿಡ್ಕೊಂಡೇ.

ಸೊಸೆ: 2009ರ ಸಿನಿಮಾ, ಗುರುಪ್ರಸಾದ್ ನಿರ್ದೇಶನ. ಮಂಜುನಾಥ ಎಂಥೋನು? ಸೋಮಾರಿ, ಸಾಲಗಾರ, ಕಟ್ಟಿಕೊಂಡೋಳಿಗೂ ಸುಳ್ಳು ಹೇಳೋನು. ಕಣ್ಣಿಲ್ಲದ ಸ್ನೇಹಿತನ ಮುಂದೆ ಕೂತು ಹರಟ್ತಾನೆ. ನೋಡ್ತಾ ನೋಡ್ತಾ ಮೈ ಹಿಡಿಯಾಗುತ್ತೆ. ಅಲ್ಲಿ ಎಲ್ಲಿದೆ ನಿಮ್ಮ ಕಣ್ಸನ್ನೆ?

ಮಾವ: ಜಗ್ಗೇಶ್ ನಮ್ಮ ತುರುವೇಕೆರೆ ಸೀಮೆಯೋನು ಕಣೇ. ಅವನು ಕಣ್ಣು ಹೊಡೆಯೋದು ಬೇಡ, ಮಾತಿನ ಧಾಟೀಲೇ ಹೊಡೀತಾನೆ. ‘ನಾನು ಸರಿಯಿಲ್ಲ ಅಂತ ನನಗೆ ಗೊತ್ತು, ಏನಿವಾಗ’ ಅನ್ನೋದು ಆ ಧ್ವನೀಲೇ ಇದೆ.

ಸೊಸೆ: ನಿಮ್ಮ ಭಾಷೆ ಆದ್ದರಿಂದ ಧ್ವನಿ ಕೇಳಿಸ್ತು. ಸ್ಲೌನೋರಿಗೆ ಬ್ರೆಂಟ್‌ದೂ ಕೇಳಿಸಿರುತ್ತೆ. ಹಿಂದೆಯೂ ಇಂಥೋರು ಇದ್ರು ಮಾವ. ಕೈಲಾಸಂ ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದಿ ಬಂದು ‘ಬಂಡ್ವಾಳ್ವಿಲ್ಲದ ಬಡಾಯಿ’ ಬರೆದ್ರಲ್ಲ, ಅದರ ವಕೀಲ ಯಾರು? ಬಾಯಿ ಬಿಟ್ಟರೆ ಬಡಾಯಿ, ಒಳಗೆ ಟೊಳ್ಳು. ಅವನಿಗೂ ತನ್ನ ಬಗ್ಗೆ ಗೊತ್ತಿಲ್ಲ.

ಮಾವ: ಕೈಲಾಸಂ ಅವನನ್ನ ಒಂದೇ ನಾಟಕದಲ್ಲಿ ಮುಗಿಸಿ ಮನೆಗೆ ಕಳಿಸ್ತಾರೆ. ನಿಮ್ಮೋರು ವರ್ಷಗಟ್ಟಲೆ ಒಬ್ಬನನ್ನ ಬಿಸಿಲಲ್ಲಿ ನಿಲ್ಲಿಸ್ತಾರೆ. ಕೊನೆಗಾದ್ರೂ ಅವನ ಗತಿ ಏನಾಯ್ತು? ಕೆಲಸ ಹೋಯ್ತು, ಅಷ್ಟೇನಾ?

ಸೊಸೆ: ಅಷ್ಟೇ ಅಲ್ಲ. 2003ರ ಕ್ರಿಸ್‌ಮಸ್‌ಗೆ ಎರಡು ವಿಶೇಷ ಕಂತು ಮಾಡಿ ಮುಗಿಸಿದ್ರು. ಅದರಲ್ಲಿ ಅವನು ಊರೂರು ಅಲೆದು ಚಿಲ್ಲರೆ ಸೇಲ್ಸ್ ಮಾಡ್ತಿರ್ತಾನೆ. ಹಳೇ ಆಫೀಸಿನ ಪಾರ್ಟಿಗೆ ಒಬ್ಬ ಹೆಂಗಸನ್ನ ಕರ್ಕೊಂಡು ಬರ್ತಾನೆ, ಅವತ್ತೇ ಪರಿಚಯ ಆದೋಳು. ಮೊದಲಿಂದ ಇವನು ಹಿಂದೆ ಮುಂದೆ ಸುತ್ತುತ್ತಿದ್ದ ಫಿಂಚ್ ಅನ್ನೋ ಪುಂಡ ಅವಳ ಬಗ್ಗೆ ಕೊಳಕು ಮಾತಾಡ್ತಾನೆ. ಜೀವನದಲ್ಲಿ ಮೊದಲ ಸಲ ಬ್ರೆಂಟ್ ಅವನಿಗೆ ಎದುರು ಮಾತಾಡಿ, ಬೈದು ಓಡಿಸ್ತಾನೆ.

ಅತ್ತೆ: ಆ ಹೆಂಗಸು ಒಳ್ಳೆಯೋಳಾ?

ಸೊಸೆ: ಒಳ್ಳೆಯೋಳು ಅತ್ತೆ. ಅವನ ಜೊತೆ ಮಾತಾಡಿ ಅವಳಿಗೆ ನಿಜವಾಗಿ ಸಂತೋಷ ಆಗಿರುತ್ತೆ. ಆಮೇಲೆ ಹಳೇ ಸಹೋದ್ಯೋಗಿಗಳೆಲ್ಲ ಫೋಟೋಗೆ ನಿಂತಾಗ ಅವನು ಏನೋ ಒಂದು ಚೇಷ್ಟೆ ಮಾಡ್ತಾನೆ, ಎಲ್ಲರೂ ನಗ್ತಾರೆ. ಅವನನ್ನ ನೋಡಿ ಅಲ್ಲ, ಅವನು ಮಾಡಿದ್ದಕ್ಕೆ.

ಮಾವ: ನೋಡಿದ್ಯಾ! ಅವರಿಗೇ ತಡೆಯೋಕಾಗಲಿಲ್ಲ. ಕೊನೆಗೆ ಪೆದ್ದನಿಗೆ ಜನರನ್ನ ಕೊಟ್ಟರು ತಾನೆ?

ಸೊಸೆ: ಅದಕ್ಕೆ ಮೊದಲು ಹನ್ನೆರಡು ಕಂತು ಕೊಡಲಿಲ್ಲ, ಅದಕ್ಕೇ ಅದು ಅಷ್ಟು ಬೆಲೆ ಬಾಳುತ್ತೆ.

ಅತ್ತೆ: ಆ ಕ್ರಿಸ್‌ಮಸ್‌ದೇ ಹಾಕು ನೋಡೋಣ.

ಸೊಸೆ: ಮಧ್ಯದ್ದೆಲ್ಲ ಬಿಟ್ಟು ಅದನ್ನ ನೋಡಿದ್ರೆ ಏನೂ ಅರ್ಥ ಆಗಲ್ಲ ಅತ್ತೆ.

ಅತ್ತೆ: ನಿನಗೆ ಆಗಲ್ಲ. ನನಗೆ ಆಗುತ್ತೆ, ಹಾಕು. ರೀ, ಆ ರಿಮೋಟ್ ಕೊಡಿ.